ಹಳೆಯ ಕೋವಿಯ ಅಸಲಿ ಅಂಗಗಳು

ಕಾಸರಕೋಡಿನ ಟೊಂಕದಲ್ಲಿ ಮೀನುಗಾರಿಕೆ ದೋಣಿಯ ಎಂಜಿನ್ ಕೆಟ್ಟು ನಿಂತರೆ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ ಒಂದೇ: 'ಕಂಪೆನಿಯದ್ದು ಹಾಕುವುದೋ, ಲೋಕಲ್ ಸಾಕೋ?' ಎರಡೂ ನೋಡಲು ಒಂದೇ ಥರ. ಎರಡನ್ನೂ ಹಾಕಿದರೆ ಎಂಜಿನ್ ಓಡುತ್ತದೆ. ಆದರೂ ಅನುಭವಿಯ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತದೆ. ಅಚ್ಚಿನ ಅಕ್ಷರ, ಬಣ್ಣ, ಅಂಚಿನ ನಯ, ಕೈಗೆ ಸಿಗುವ ತೂಕ ಇವೆಲ್ಲ ಅವನಿಗೆ ಸಾಕ್ಷಿಗಳು.

ಇದೇ ಪ್ರಶ್ನೆಯನ್ನು ಕೇಳುತ್ತ, ಭೂತಗನ್ನಡಿ ಹಿಡಿದು ಕುಳಿತ ಇನ್ನೊಂದು ಬಳಗವೂ ಜಗತ್ತಿನಲ್ಲಿದೆ. ಅವರ ಮುಂದಿರುವುದು ಎಂಜಿನ್ ಅಲ್ಲ, ಎಂಬತ್ತು ನೂರು ವರ್ಷಗಳ ಹಿಂದಿನ ಸಬ್‌ಮಷೀನ್‌ಗನ್. ವಸ್ತುಸಂಗ್ರಹಾಲಯದವರು, ಇತಿಹಾಸಕಾರರು, ಕೆಲವು ದೇಶಗಳಲ್ಲಿ ಪರವಾನಗಿ ಪಡೆದ ಸಂಗ್ರಾಹಕರು ಈ ಬಳಗದಲ್ಲಿದ್ದಾರೆ. ಈ ಕೋವಿಯ ಯಾವ ಅಂಗ ಕಾರ್ಖಾನೆಯಿಂದ ಹೊರಟಾಗಲೇ ಇತ್ತು, ಯಾವುದು ಆಮೇಲೆ ಸೇರಿತು, ಯಾವುದು ನಿನ್ನೆ ಮೊನ್ನೆ ಮಾಡಿದ ನಕಲು ಎಂದು ಬೇರ್ಪಡಿಸುವುದು ಇವರ ಕೆಲಸ. ಆಯುಧದ ಮೇಲೆ ಮೋಹವಿಲ್ಲದವರಿಗೂ ಈ ಕೆಲಸದ ಹಿಂದಿರುವ ವಿಜ್ಞಾನ ತಿಳಿಯುವಂಥದ್ದು. ವಸ್ತುವೊಂದರಿಂದ ಸತ್ಯವನ್ನು ಹೊರಡಿಸುವ ಕ್ರಮವನ್ನು ಇದು ಕಲಿಸುತ್ತದೆ.

ಒಂದು ಲಾಕು, ಒಂದು ಕೋವಿ

ಮೊದಲು ನಮ್ಮ ನಾಡಿನ ಕೋವಿಗಳಿಂದಲೇ ಶುರುಮಾಡೋಣ. ೧೭೬೩ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಅದರೊಂದಿಗೆ ಕೆಳದಿ ಅರಸರ ಕೈಯಲ್ಲಿದ್ದ ನಮ್ಮ ಹೊನ್ನಾವರವೂ ಮೈಸೂರಿನ ವಶವಾಯಿತು. ಮುಂದೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ, ನಗರ ಮೊದಲಾದ ಕಡೆ ಕೋವಿಗಳು ತಯಾರಾದವು. ಅವುಗಳ ಮೇಲೆ ಹುಲಿಯ ಪಟ್ಟೆಯ ಗುರುತು, ತಯಾರಾದ ಊರಿನ ಹೆಸರು, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಇವೆಲ್ಲ ಕಾಣಸಿಗುತ್ತವೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಕೊಳ್ಳೆಯ ಮಾಲಾಗಿ ಹಡಗು ಹತ್ತಿ ಪರದೇಶ ಸೇರಿದವು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಇವುಗಳನ್ನು ಕೂಡಿಹಾಕಿ, ಅಭ್ಯಾಸ ಮಾಡಿ, ೧೯೯೨ರಲ್ಲಿ ಒಂದು ಗ್ರಂಥವನ್ನೇ ಹೊರತಂದ. ೨೦೦೫ರಲ್ಲಿ ಆ ಸಂಗ್ರಹ ಲಂಡನ್ನಿನಲ್ಲಿ ಹರಾಜಾಯಿತು.

ಈ ಕೋವಿಗಳು ಕೈಕೆಲಸದವು. ಕಮ್ಮಾರ ಪ್ರತಿಯೊಂದು ಲಾಕನ್ನೂ ಅರದಿಂದ ಉಜ್ಜಿ ಉಜ್ಜಿ ಅದೇ ಕೋವಿಯ ಮರಕ್ಕೆ, ಅದೇ ನಳಿಗೆಗೆ ಹೊಂದಿಸುತ್ತಿದ್ದ. ಒಂದರ ಲಾಕನ್ನು ಬಿಚ್ಚಿ ಇನ್ನೊಂದಕ್ಕೆ ಕೂರಿಸಹೊರಟರೆ ತೂತು ತೂತಿಗೆ ಸೇರುವುದಿಲ್ಲ, ಮರದ ಗಾಡಿ ಸರಿಹೋಗುವುದಿಲ್ಲ. ಹಾಗೆ ಬದಲಾಯಿಸಿದ್ದರೆ ಮರದಲ್ಲಿ ಹೊಸದಾಗಿ ಕೆತ್ತಿದ ಗುರುತು ಉಳಿದೇ ಉಳಿಯುತ್ತದೆ. ಆದ್ದರಿಂದ ಕೈಕೆಲಸದ ಕೋವಿಯಲ್ಲಿ ಅಸಲಿ ಅಂಗವನ್ನು ಕಂಡುಹಿಡಿಯುವುದು ಒಂದು ರೀತಿಯಲ್ಲಿ ಸುಲಭ. ಅಂಗಗಳು ತಾವಾಗಿಯೇ ತಮ್ಮ ನಂಟು ಹೇಳಿಬಿಡುತ್ತವೆ.

ಒಂದೇ ಅಚ್ಚಿನ ಲಕ್ಷ ಕೋವಿಗಳು

ಟಿಪ್ಪು ಇಲ್ಲಿ ಆಳುತ್ತಿದ್ದ ಅದೇ ಕಾಲ. ೧೭೮೫ರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದರು. ಅಲ್ಲೊಬ್ಬ ಕುಶಲಕರ್ಮಿ ಐವತ್ತು ಲಾಕುಗಳ ಬಿಡಿಭಾಗಗಳನ್ನು ಬಿಚ್ಚಿ ಅವರ ಮುಂದೆ ಇಟ್ಟ. ಜೆಫರ್ಸನ್ ಕೈಗೆ ಸಿಕ್ಕ ಸಿಕ್ಕ ಭಾಗಗಳನ್ನು ಎತ್ತಿ ಜೋಡಿಸಿದರು. ಎಲ್ಲವೂ ಸರಿಯಾಗಿ ಕೂತವು! ಯಾವ ಭಾಗವನ್ನು ಯಾವುದಕ್ಕೆ ಬೇಕಾದರೂ ಹಾಕಬಹುದೆಂಬ ಈ ವಿಚಾರವೇ ಮುಂದೆ ಗಡಿಯಾರ, ಹೊಲಿಗೆಯಂತ್ರ, ಸೈಕಲ್, ಮೋಟಾರು ಎಲ್ಲಕ್ಕೂ ಬುನಾದಿಯಾಯಿತು. ಇಂದು ಅಂಗಡಿಯಲ್ಲಿ ಬೇರಿಂಗಿನ ನಂಬರು ಹೇಳಿದರೆ ಅಳತೆ ನೋಡದೆಯೇ ತಂದು ಕೊಡುತ್ತಾರಲ್ಲ, ಅದು ಈ ವಿಚಾರದ ಫಲ.

ಸಬ್‌ಮಷೀನ್‌ಗನ್ ಹುಟ್ಟಿದ್ದು ಈ ಯಂತ್ರಯುಗ ಬಲಿತ ಮೇಲೆ. ಪಿಸ್ತೂಲಿನ ಸಣ್ಣ ತೋಟೆಯನ್ನೇ ಬಳಸಿ, ಕುದುರೆ ಒತ್ತಿ ಹಿಡಿದಿರುವಷ್ಟು ಹೊತ್ತೂ ಒಂದರ ಹಿಂದೊಂದು ಹಾರಿಸುವ, ಒಬ್ಬನೇ ಹೊತ್ತು ನಡೆಯಬಲ್ಲ ಆಯುಧ ಇದು. ಮೊದಲ ಮಹಾಯುದ್ಧದ ಕೊನೆಗೆ, ೧೯೧೮ರಲ್ಲಿ, ಜರ್ಮನರು ಎಂಪಿ ೧೮ ಎಂಬುದನ್ನು ರಣರಂಗಕ್ಕೆ ತಂದರು. ಅಮೆರಿಕದ ಜಾನ್ ಥಾಂಪ್ಸನ್ ತಮ್ಮ ಹೆಸರಿನ ಕೋವಿಗೆ 'ಸಬ್‌ಮಷೀನ್‌ಗನ್' ಎಂದು ಕರೆದು ಈ ಪದವನ್ನು ಬಳಕೆಗೆ ತಂದರು. ಕೋಲ್ಟ್ ಕಂಪೆನಿ ೧೯೨೧ರಿಂದ ಅದನ್ನು ೧೫,೦೦೦ದಷ್ಟು ತಯಾರಿಸಿತು. ಉಕ್ಕಿನ ಗಟ್ಟಿಯನ್ನು ಕಡೆದು, ಹೊಳಪು ಕೊಟ್ಟು ಮಾಡಿದ ದುಬಾರಿ ಕೋವಿ ಅದು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಸೈನಿಕರೂ ಅದನ್ನು ಹಿಡಿದಿದ್ದರು.

೧೯೪೦ರಲ್ಲಿ ಡಂಕರ್ಕಿನಿಂದ ಹಿಂದೆ ಸರಿದ ಬ್ರಿಟನ್ನಿಗೆ ಅಗ್ಗದ ಕೋವಿ ತುರ್ತಾಗಿ ಬೇಕಾಯಿತು. ೧೯೪೧ರಲ್ಲಿ ಬಂದದ್ದೇ ಸ್ಟೆನ್. ರೂಪಿಸಿದ ಶೆಪರ್ಡ್ ಮತ್ತು ಟರ್ಪಿನ್ ಅವರ ಮೊದಲ ಅಕ್ಷರಗಳಿಗೆ ಎನ್‌ಫೀಲ್ಡ್ ಊರಿನ ಹೆಸರು ಸೇರಿ ಈ ಹೆಸರಾಯಿತು. ಕೊಳವೆ, ಮಡಚಿದ ತಗಡು, ಬೆಸುಗೆ, ಒಂದು ಸ್ಪ್ರಿಂಗು, ಒಂದು ಭಾರದ ಬೋಲ್ಟು: ಇಷ್ಟೇ ಅದರ ವೈಭವ. ಮೊದಲ ಮಾದರಿಯನ್ನು ತಯಾರಿಸಿದ ಸಂಸ್ಥೆಗಳಲ್ಲಿ ಹೊಲಿಗೆಯಂತ್ರದ ಸಿಂಗರ್ ಕಂಪೆನಿ ಇತ್ತು. ಮೂರನೆಯ ಮಾದರಿಯನ್ನು ಮಾಡಿದವರಲ್ಲಿ ಮಕ್ಕಳ ಆಟಿಕೆ ತಯಾರಿಸುತ್ತಿದ್ದ ಲೈನ್ಸ್ ಬ್ರದರ್ಸ್ ಇತ್ತು. ಎಲ್ಲ ಮಾದರಿಗಳೂ ಸೇರಿ ಸುಮಾರು ೪೦ ಲಕ್ಷ ಸ್ಟೆನ್‌ಗಳು ಹೊರಬಂದವು.

ಇಲ್ಲಿಯೇ ಸಂಗ್ರಾಹಕನ ಕಷ್ಟ ಮೊದಲಾಗುತ್ತದೆ. ಒಂದರ ಭಾಗ ಇನ್ನೊಂದಕ್ಕೆ ಕೂರಬೇಕೆಂದೇ ಇವುಗಳನ್ನು ಮಾಡಿದ್ದು. ಹಾಗಾದ ಮೇಲೆ ಯಾವ ಬೋಲ್ಟು ಯಾವ ಕೋವಿಯದು? ಟಿಪ್ಪುವಿನ ಕೋವಿಯಲ್ಲಿ ಕಮ್ಮಾರನ ಅರ ಹೇಳುತ್ತಿದ್ದುದನ್ನು ಯಂತ್ರದ ಅಚ್ಚು ಹೇಳುವುದಿಲ್ಲ. ಯಂತ್ರವು ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಅಸಲಿಯನ್ನು ಪತ್ತೆಮಾಡುವುದು ಅಷ್ಟೇ ಕಷ್ಟವಾಯಿತು. ಆದ್ದರಿಂದ ಬೇರೆ ಸಾಕ್ಷಿಗಳನ್ನು ಹುಡುಕಬೇಕು.

ಅಕ್ಷರ ಸಾಕ್ಷಿ

ಮೊದಲನೆಯದು ಲೋಹದ ಮೇಲಿನ ಅಚ್ಚು. ಯುದ್ಧಕಾಲದಲ್ಲಿ ಕಾರ್ಖಾನೆಯ ಹೆಸರು ಶತ್ರುವಿಗೆ ತಿಳಿದರೆ ಬಾಂಬು ಬೀಳುವ ಭಯ. ಅದಕ್ಕಾಗಿ ಬ್ರಿಟನ್ನಿನವರು ಗುಪ್ತ ಸಂಕೇತ ಬಳಸಿದರು. ಉತ್ತರ ಭಾಗದ ಕಾರ್ಖಾನೆಗಳಿಗೆ 'ಎನ್', ನಡುನಾಡಿನವಕ್ಕೆ 'ಎಂ', ದಕ್ಷಿಣದವಕ್ಕೆ 'ಎಸ್', ಮುಂದೆ ಒಂದು ಸಂಖ್ಯೆ. 'ಎಂ ೪೭' ಎಂದರೆ ಬಿಎಸ್‌ಎ ಕಂಪೆನಿ. ಜರ್ಮನರೂ ಹಾಗೆಯೇ ಮಾಡಿದರು. ಅವರ ಎಂಪಿ ೪೦ರ ಮೇಲೆ 'ಎಫ್‌ಎಕ್ಸ್‌ಒ' ಎಂದಿದ್ದರೆ ಹೇನೆಲ್ ಕಾರ್ಖಾನೆ, 'ಬಿಎನ್‌ಝಡ್' ಎಂದಿದ್ದರೆ ಆಸ್ಟ್ರಿಯಾದ ಸ್ಟೈರ್. ಯುದ್ಧಕಾಲದ ಥಾಂಪ್ಸನ್‌ಗಳಲ್ಲಿ ಕ್ರಮಸಂಖ್ಯೆಯ ಹಿಂದೆ 'ಎಸ್' ಇದ್ದರೆ ಸ್ಯಾವೇಜ್ ಕಂಪೆನಿ, 'ಎಒ' ಇದ್ದರೆ ಆಟೊ ಆರ್ಡ್‌ನೆನ್ಸ್.

ಕ್ರಮಸಂಖ್ಯೆ ಇನ್ನೂ ಬಲವಾದ ಸಾಕ್ಷಿ. ಎಂಪಿ ೪೦ರಲ್ಲಿ ಮುಖ್ಯ ಅಂಗಗಳ ಮೇಲೆಲ್ಲ ಆ ಕೋವಿಯ ಸಂಖ್ಯೆಯನ್ನೋ ಅದರ ಕೊನೆಯ ಅಂಕಿಗಳನ್ನೋ ಒತ್ತುತ್ತಿದ್ದರು. ಕೊಳವೆಯದೊಂದು, ಬೋಲ್ಟಿನದೊಂದು ಸಂಖ್ಯೆಯಾದರೆ ಅವೆರಡು ಒಟ್ಟಿಗೆ ಹುಟ್ಟಿದವಲ್ಲ ಎಂದು ಅರ್ಥ.

ಅಚ್ಚು ಇಲ್ಲದ ಅಂಗಗಳೂ ಇವೆ. ಅಲ್ಲಿ ಮಾದರಿಯ ತಿಳಿವಳಿಕೆ ಬೇಕು. ೧೯೨೮ರ ಮಾದರಿಯ ಥಾಂಪ್ಸನ್ನಿನಲ್ಲಿ ಎಳೆಯುವ ಗುಂಡಿ ಮೇಲ್ಭಾಗದಲ್ಲಿದೆ, ಒಳಗೆ 'ಎಚ್' ಆಕಾರದ ಕಂಚಿನ ತುಂಡೊಂದಿದೆ. ಯುದ್ಧಕಾಲದ ಎಂ೧ ಮಾದರಿಯಲ್ಲಿ ಗುಂಡಿ ಬಲಮಗ್ಗುಲಿಗೆ ಬಂತು, ಕಂಚಿನ ತುಂಡು ಮಾಯವಾಯಿತು. ಸ್ಟೆನ್ನಿನ ಎರಡನೆಯ ಮಾದರಿಯ ನಳಿಗೆಯನ್ನು ಬಿಚ್ಚಬಹುದು, ಮೂರನೆಯ ಮಾದರಿಯದನ್ನು ಬಿಚ್ಚಲಾಗದು. ಮೂರನೆಯದೆಂದು ಹೇಳಿ ತೋರಿಸಿದ ಕೋವಿಯ ನಳಿಗೆ ತಿರುಗಿ ಕೈಗೆ ಬಂದರೆ ಆ ಮಾತನ್ನು ನಂಬುವಂತಿಲ್ಲ.

ಲೋಹ ಸುಳ್ಳು ಹೇಳದು

ಅಕ್ಷರವನ್ನು ನಕಲು ಮಾಡಬಹುದು. ಲೋಹದ ಗುಣವನ್ನು ನಕಲು ಮಾಡುವುದು ಕಷ್ಟ. ಇಲ್ಲಿ ನಮ್ಮ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ.

ಕಬ್ಬಿಣ ತೇವದಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಂಪು ತುಕ್ಕಾಗುವುದು ಹೈಸ್ಕೂಲಿನ ಪಾಠ. ಈ ತುಕ್ಕು ಪುಡಿಪುಡಿ, ಲೋಹಕ್ಕೆ ಅಂಟಿ ನಿಲ್ಲದು. ಅದೇ ಕಬ್ಬಿಣದ ಇನ್ನೊಂದು ಆಕ್ಸೈಡ್ ಕಪ್ಪು ಬಣ್ಣದ್ದು, ಒಂದು ಅಣುವಿನಲ್ಲಿ ಕಬ್ಬಿಣ ಮೂರು, ಆಮ್ಲಜನಕ ನಾಲ್ಕು. ಅದು ತೆಳುವಾಗಿ ಅಂಟಿ ನಿಂತು ಲೋಹವನ್ನು ಕಾಯುತ್ತದೆ. ಹಳೆಯ ಕಾರ್ಖಾನೆಗಳು ಬಿಸಿ ರಾಸಾಯನಿಕಗಳಿಂದ ಈ ಪದರವನ್ನು ಬೇಕೆಂದೇ ಬೆಳೆಸುತ್ತಿದ್ದವು. ಕೋಲ್ಟ್ ಥಾಂಪ್ಸನ್ನಿನ ಕಡುನೀಲಿ ಹೊಳಪು ಇದೇ. ಯುದ್ಧದ ಅವಸರದಲ್ಲಿ ಹಲವು ಕಡೆ ಫಾಸ್ಫೇಟ್ ಲೇಪನ ಬಂತು. ಅದು ಬೂದುಬಣ್ಣ, ಹೊಳಪಿಲ್ಲ. ಬೂದು ಅಂಗಗಳ ನಡುವೆ ಒಂದು ನೀಲಿ ಅಂಗ ಮಿಂಚಿದರೆ, 'ನೀನು ಎಲ್ಲಿಂದ ಬಂದೆ?' ಎಂದು ಅದನ್ನು ಕೇಳಬೇಕಾಗುತ್ತದೆ.

ಎರಡನೆಯದು ಸ್ಕ್ರೂ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ಗೊತ್ತುಮಾಡಿದ ಮರೆಯ ಕೋನ ೫೫ ಡಿಗ್ರಿ. ಮೆಟ್ರಿಕ್ ಪದ್ಧತಿಯದು ೬೦ ಡಿಗ್ರಿ. ಬರಿಗಣ್ಣಿಗೆ ಈ ಐದು ಡಿಗ್ರಿ ಕಾಣದು. ಆದರೆ ಮರೆ ಅಳೆಯುವ ಗೇಜನ್ನು ಇಟ್ಟರೆ ಬೆಳಕು ಸಂದಿಯಲ್ಲಿ ತೂರಿ ಬಂದು ಹೇಳಿಬಿಡುತ್ತದೆ. ೧೯೪೨ರ ಇಂಗ್ಲಿಷ್ ಕೋವಿಯಲ್ಲಿ ಮೆಟ್ರಿಕ್ ಸ್ಕ್ರೂ ಇದ್ದರೆ ಅದು ಆಮೇಲೆ ಬಂದ ನೆಂಟ.

ಮೂರನೆಯದು ಸವೆತ. ಜೊತೆಯಾಗಿ ದುಡಿದ ಎರಡು ಅಂಗಗಳು ಒಂದಕ್ಕೊಂದು ಒಪ್ಪುವಂತೆ ಸವೆದಿರುತ್ತವೆ, ಬಹುಕಾಲ ಒಟ್ಟಿಗಿದ್ದ ಬೀಸುಕಲ್ಲಿನ ಎರಡು ಹೋಳುಗಳ ಹಾಗೆ. ಕೊಳವೆಯೊಳಗೆ ಗೆರೆ ಬಿದ್ದಿರುವ ಜಾಗಕ್ಕೂ ಬೋಲ್ಟಿನ ಮೇಲೆ ನಯವಾದ ಜಾಗಕ್ಕೂ ತಾಳೆಯಾಗದಿದ್ದರೆ ಸಂಶಯ ಪಡಬೇಕು.

ಇನ್ನೊಂದು ಸೋಜಿಗ ಹೇಳಬೇಕು. ಸಂಖ್ಯೆಯನ್ನು ಅರದಿಂದ ಪೂರಾ ಉಜ್ಜಿ ತೆಗೆದರೂ ಅದು ಅಳಿಸಿಹೋಗುವುದಿಲ್ಲ. ಅಚ್ಚೊತ್ತಿದಾಗ ಅಕ್ಷರದ ಕೆಳಗಿನ ಲೋಹದ ಹರಳುಗಳೂ ಒತ್ತಡಕ್ಕೆ ಸಿಕ್ಕಿ ವಿರೂಪಗೊಂಡಿರುತ್ತವೆ. ಮೇಲ್ಮೈಯನ್ನು ನಯಮಾಡಿ ತಕ್ಕ ಆಮ್ಲದ್ರಾವಣ ಸವರಿದರೆ ಆ ಜಾಗ ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗಿ, ಮರೆಯಾದ ಅಂಕಿ ನೆರಳಿನಂತೆ ಮೇಲೆದ್ದು ಬರುತ್ತದೆ. ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಕದ್ದ ಮೋಟಾರು ಸೈಕಲ್ಲಿನ ಚಾಸಿ ನಂಬರು ಸಿಗುವುದೂ ಹೀಗೆಯೇ.

ಅಸಲಿ ಎಂದರೇನು?

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದ ಕೋವಿಯ ಸ್ಪ್ರಿಂಗು ಸೋತಾಗ ಸೇನೆಯ ಕಮ್ಮಾರನೇ ಹೊಸದು ಹಾಕಿದ್ದರೆ ಅದು ಅಸಲಿಯೋ, ಬದಲಿಯೋ? ಬ್ರಿಟಿಷ್ ಪದ್ಧತಿಯಲ್ಲಿ ಕಾರ್ಖಾನೆಗೆ ಮರಳಿ ಪೂರ್ಣ ದುರಸ್ತಿಯಾದ ರೈಫಲ್ಲಿನ ಮೇಲೆ 'ಎಫ್‌ಟಿಆರ್' ಎಂದೂ ವರ್ಷವನ್ನೂ ಒತ್ತುತ್ತಿದ್ದರು. ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲೂ ಈ ಪದ್ಧತಿ ಇತ್ತು. ಅಲ್ಲಿ ತಯಾರಾದ ರೈಫಲ್‌ಗಳಲ್ಲಿ ಸ್ವಾತಂತ್ರ್ಯಕ್ಕೆ ಮೊದಲು ಬ್ರಿಟಿಷ್ ಕಿರೀಟ, ಗಣರಾಜ್ಯವಾದ ಮೇಲೆ ಅಶೋಕನ ಸಿಂಹ. ಒಂದೇ ವಸ್ತುವಿನ ಮೇಲೆ ಎರಡು ಕಾಲದ ಮುದ್ರೆ ಕಂಡರೆ ಅದು ದೋಷವಲ್ಲ, ಇತಿಹಾಸ. ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಕಂಡ ಕಾರ್ಬೈನಿಗೂ ಇಂಥ ವಂಶಾವಳಿ ಇದೆ. ಜಾರ್ಜ್ ಪ್ಯಾಚೆಟ್ ರೂಪಿಸಿದ ಸ್ಟರ್ಲಿಂಗ್ ಕೋವಿಯನ್ನು ಕಾನ್ಪುರದ ಸಣ್ಣ ಆಯುಧಗಳ ಕಾರ್ಖಾನೆಯಲ್ಲಿ ನಮ್ಮವರೇ ತಯಾರಿಸಿದರು.

ಹಾಗಾಗಿ ಬಲ್ಲವರು ಅಂಗಗಳನ್ನು ಮೂರು ಗುಂಪು ಮಾಡುತ್ತಾರೆ. ಹುಟ್ಟಿನಿಂದ ಬಂದದ್ದು, ಬಳಕೆಯ ಕಾಲದಲ್ಲಿ ಬದಲಾದದ್ದು, ಆಮೇಲೆ ಮಾರುವುದಕ್ಕಾಗಿ ಸೇರಿಸಿದ್ದು. ಮೊದಲೆರಡೂ ಪ್ರಾಮಾಣಿಕ. ಮೂರನೆಯದನ್ನು ಹೇಳಿ ಸೇರಿಸಿದರೆ ದುರಸ್ತಿ, ಹೇಳದೆ ಸೇರಿಸಿದರೆ ಮೋಸ. ಮೋಸಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ೧೯೮೬ರ ಮೇ ತಿಂಗಳಿಗೆ ಮೊದಲು ನೋಂದಣಿಯಾದ ಇಂಥ ಕೋವಿಗಳನ್ನು ಮಾತ್ರ ಖಾಸಗಿಯವರು ಇಟ್ಟುಕೊಳ್ಳಬಹುದೆಂದು ಕಾನೂನಾಯಿತು. ಸಂಖ್ಯೆ ಹೆಚ್ಚುವಂತಿಲ್ಲ, ಬಯಸುವವರು ಕಡಿಮೆಯಾಗುತ್ತಿಲ್ಲ. ಬೆಲೆ ಗಗನಕ್ಕೇರಿತು. ಬೆಲೆ ಏರಿದಲ್ಲಿ ನಕಲು ಹುಟ್ಟುತ್ತದೆ.

ನಗರದ ಬಾವಿಯ ಪಾಠ

ಇದೆಲ್ಲ ದೂರದ ಮಾತಾಯಿತು ಎನ್ನುವವರು ಘಟ್ಟ ಹತ್ತಿ ನಗರದವರೆಗೆ ಬರಬೇಕು. ೨೦೦೨ರಲ್ಲಿ ಅಲ್ಲಿನ ಪಾಳುಬಾವಿಯೊಂದರಲ್ಲಿ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಮಿಕ್ಕಿ ಸಿಕ್ಕವು. ನೋಡಿದವರಿಗೆ ಹಳೆಯ ಗುಂಡುಗಳಂತೆ ಕಂಡ ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯ ಸೇರಿದವು. ಪರೀಕ್ಷೆಯಿಂದ ತಿಳಿದದ್ದೇ ಬೇರೆ. ಕೊಳವೆಯ ಆಕಾರ, ಒಂದು ತುದಿ ಮುಚ್ಚಿರುವ ರೀತಿ, ಒಳಗೆ ಉಳಿದಿದ್ದ ಪೆಟ್ಲುಪ್ಪು ಮತ್ತು ಇದ್ದಿಲಿನ ಮದ್ದು ಇವೆಲ್ಲ ಸೇರಿ ಇವು ಮೈಸೂರಿನ ಹೆಸರಾಂತ ರಾಕೆಟ್‌ಗಳು ಎಂದು ಸಾರಿದವು. ಅಲ್ಲಿಯವರೆಗೆ ಇವುಗಳ ಮಾದರಿ ಲಂಡನ್ನಿನ ಸಂಗ್ರಹಾಲಯದಂಥ ಕಡೆ ಬೆರಳೆಣಿಕೆಯಷ್ಟು ಮಾತ್ರ ಇತ್ತು. ೨೦೧೮ರಲ್ಲಿ ಅಲ್ಲಿಯೇ ಪುರಾತತ್ವ ಇಲಾಖೆ ಕ್ರಮವಾಗಿ ಅಗೆದಾಗ ಸಾವಿರಕ್ಕೂ ಹೆಚ್ಚು ಹೊರಬಂದವು.

ಮೊದಲು ಸಿಕ್ಕವನ್ನು ಯಾರಾದರೂ ಗುಜರಿಗೆ ಹಾಕಿದ್ದರೆ? ಕಿಲೋ ಲೆಕ್ಕದಲ್ಲಿ ಮಾರಾಟವಾಗಿ, ಕರಗಿ, ಕಟ್ಟಡದ ಸರಳಾಗಿ ಹೋಗುತ್ತಿದ್ದವು. ಚೊಕ್ಕಮಾಡುವ ಹುರುಪಿನಲ್ಲಿ ತಿಕ್ಕಿ ತೊಳೆದಿದ್ದರೂ ಒಳಗಿನ ಮದ್ದಿನ ಸಾಕ್ಷಿ ನೀರಿನಲ್ಲಿ ಹೋಗುತ್ತಿತ್ತು. ವಸ್ತುವನ್ನು ಹಾಗೆಯೇ ಇಟ್ಟದ್ದರಿಂದ ಇತಿಹಾಸ ಉಳಿಯಿತು.

ನಮ್ಮ ಕರಾವಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ೧೭೮೩-೮೪ರಲ್ಲಿ ಹೊನ್ನಾವರದ ಕೋಟೆಯೊಳಗೆ ಕ್ಯಾಪ್ಟನ್ ಟೊರಿಯಾನೊ ಎಂಬಾತನ ಇಂಗ್ಲಿಷ್ ಪಡೆಯಿತ್ತು, ಹೊರಗೆ ಟಿಪ್ಪುವಿನ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ಇಂಥ ನೆಲದಲ್ಲಿ ಬಾವಿ ತೋಡುವಾಗ, ಪಾಯ ತೆಗೆಯುವಾಗ ಕಬ್ಬಿಣದ ತುಂಡು ಎದುರಾದರೆ ಆಶ್ಚರ್ಯವಿಲ್ಲ. ಉಪ್ಪುನೀರಿನಲ್ಲಿ ಬಹುಕಾಲ ಇದ್ದ ಕಬ್ಬಿಣದೊಳಗೆ ಕ್ಲೋರೈಡ್ ಸೇರಿಕೊಂಡಿರುತ್ತದೆ. ಅದನ್ನು ಬಿಸಿಲಿಗಿಟ್ಟು ಒಣಗಿಸಿದರೆ ಪದರ ಪದರವಾಗಿ ಸಿಡಿದು ಉದುರುತ್ತದೆ. ಅದನ್ನು ಉಳಿಸಲು ತಜ್ಞರೇ ಬೇಕು. ಅಲ್ಲದೆ ಹಳೆಯ ಮದ್ದುಗುಂಡು ಸತ್ತಿದೆ ಎಂದು ಹೊರನೋಟಕ್ಕೆ ಹೇಳಲಾಗದು. ಆದ್ದರಿಂದ ಮುಟ್ಟದೆ, ತಿಕ್ಕದೆ, ಜಾಗ ಗುರುತುಮಾಡಿ ಪೊಲೀಸರಿಗೋ ತಹಸೀಲ್ದಾರರಿಗೋ ತಿಳಿಸಬೇಕು.

ತಂದೆತಾಯಿಗಳಿಗೆ ಎರಡು ಮಾತು

ನಮ್ಮ ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಮಂಗ ಓಡಿಸಲು ಪರವಾನಗಿಯ ಕೇಪಿನ ಕೋವಿ ಇರುವುದುಂಟು. ಸಬ್‌ಮಷೀನ್‌ಗನ್ನಿನ ಮಾತು ಬೇರೆ. ಒತ್ತಿ ಹಿಡಿದಷ್ಟು ಹೊತ್ತೂ ಹಾರುವ ಕೋವಿಯನ್ನು ೧೯೫೯ರ ಆಯುಧ ಕಾಯ್ದೆ ನಿಷೇಧಿತ ಆಯುಧವೆಂದು ಕರೆಯುತ್ತದೆ. ೨೦೧೯ರ ತಿದ್ದುಪಡಿಯಂತೆ ಅಕ್ರಮವಾಗಿ ಇಟ್ಟುಕೊಂಡವರಿಗೆ ೭ರಿಂದ ೧೪ ವರ್ಷಗಳ ಸೆರೆ. ದುರಸ್ತಿ ಮಾಡಿದರೂ ಹಾರಲಾರದ ಪ್ರಾಚೀನ ಆಯುಧಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ. ಆದರೆ ಯಾವುದು ಹಾಗಿದೆ ಎಂದು ತೀರ್ಮಾನಿಸುವುದು ನಾವಲ್ಲ. ಆದ್ದರಿಂದ ಇವುಗಳನ್ನು ನೋಡುವ ಜಾಗ ಸಂಗ್ರಹಾಲಯ. ಶಿವಮೊಗ್ಗದಲ್ಲಿ ರಾಕೆಟ್‌ಗಳಿವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿಸೈಡ್' ೨೦೨೧ರಿಂದ ಸಂಗ್ರಹಾಲಯವಾಗಿದ್ದು, ಅಲ್ಲಿ ಸೇನೆಯ ಆಯುಧಗಳನ್ನೂ ಕಾಣಬಹುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವವರು ಗಾಜಿನಾಚೆಯ ಕೋವಿಯ ಮುಂದೆ ಒಂದು ನಿಮಿಷ ನಿಲ್ಲಿಸಿ, 'ಇದರ ಮೇಲೆ ಏನು ಬರೆದಿದೆ ನೋಡು' ಎನ್ನಲಿ.

ಸಂಗ್ರಹದ ಹುಮ್ಮಸ್ಸಿರುವ ಹುಡುಗ ಹುಡುಗಿಯರಿಗೆ ಇದೇ ವಿದ್ಯೆಯನ್ನು ಮನೆಯಲ್ಲೇ ಕಲಿಯುವ ದಾರಿಯಿದೆ. ಅಜ್ಜಿಯ ಹಳೆಯ ಸಿಂಗರ್ ಹೊಲಿಗೆಯಂತ್ರವಿದ್ದರೆ ಅದರ ಕ್ರಮಸಂಖ್ಯೆ ನೋಡಿ. 'ಎಫ್' ಅಥವಾ 'ವೈ' ಅಕ್ಷರದಿಂದ ಮೊದಲಾಗಿದ್ದರೆ, ಇಲ್ಲವೇ 'ಇ'ಯಿಂದ ಶುರುವಾಗುವ ಎರಡು ಅಕ್ಷರಗಳಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಅದರ ಚಕ್ರ, ಬಾಬಿನ್ ಡಬ್ಬಿ, ಸ್ಕ್ರೂ ಇವುಗಳಲ್ಲಿ ಹುಟ್ಟಿನಿಂದ ಬಂದವು ಯಾವುವು, ಪೇಟೆಯಿಂದ ತಂದು ಹಾಕಿದವು ಯಾವುವು? ಪೆಟ್ರೋಮ್ಯಾಕ್ಸ್, ಹಳೆಯ ಬೀಗ, ಗೋಡೆ ಗಡಿಯಾರ, ತಕ್ಕಡಿಯ ಬಟ್ಟುಗಳು ಇವೆಲ್ಲ ಹೀಗೆ ಓದಿಸಿಕೊಳ್ಳುವ ಪುಸ್ತಕಗಳೇ. ಒಂದು ನೋಟುಬುಕ್ಕಿನಲ್ಲಿ ಚಿತ್ರ ಬರೆದು, ಅಳತೆ ಹಾಕಿ, ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆದಿಡಲಿ. ಅಜ್ಜಿ ಅಜ್ಜಂದಿರನ್ನು ಕೇಳಿ ತಾಳೆ ನೋಡಲಿ.

ಹಾಗೆ ಬರೆದ ಚೀಟಿಯಲ್ಲಿ 'ಚಕ್ರ ಅಸಲಿ, ಸ್ಕ್ರೂ ಬದಲಿ, ಬಾಬಿನ್ ಡಬ್ಬಿ ಗೊತ್ತಾಗಿಲ್ಲ' ಎಂದಿದ್ದರೆ ನಾನು ಆ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡುತ್ತೇನೆ.